ಡ್ರಾಯರಿನಲ್ಲಿ ಮಲಗಿದ್ದ ಬಿಲ್ಲೆಗಳು

ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಬಾಯ್ಲರಿನ ಬೆಸುಗೆಗಳಿಗೆ ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇ ಅನ್ನುವುದು ಬಾಯಿಮಾತಿಗೆ. ಸೀಸದ ಪೆಟ್ಟಿಗೆಯಲ್ಲಿ ಕೂತು ವಿಕಿರಣ ಕಾರುವುದು ಒಂದು ಪುಟ್ಟ ಗುಳಿಗೆ. ಅದನ್ನು ಕೊಳವೆಯಲ್ಲಿ ಹೊರತಳ್ಳಿ ವಾಪಸ್ ಎಳೆಯುವುದು ಯಾದಗಿರಿ ಕಡೆಯ ರೇವಣಸಿದ್ದನ ಕೆಲಸ.

ಇಂಥವರ ಎದೆ ಮೇಲೊಂದು ಬಿಲ್ಲೆ ಇರಬೇಕು. ಮೈ ಎಷ್ಟು ವಿಕಿರಣ ಕುಡಿಯಿತೆಂದು ಅದಕ್ಕೆ ಗೊತ್ತು. ಮೂರು ತಿಂಗಳಿಗೊಮ್ಮೆ ದೇಶದ ಅಣುವಿಜ್ಞಾನ ಸಂಸ್ಥೆ ತರಿಸಿ ಓದುತ್ತದೆ. ಮಿತಿ ಮೀರಿದರೆ ಆಳನ್ನು ಕೆಲಸದಿಂದ ಇಳಿಸುತ್ತದೆ. ಆ ಭಯಕ್ಕೇ ಮೇಸ್ತ್ರಿ ನಲ್ಲಪ್ಪ ದಿನಾ ಎಲ್ಲರ ಬಿಲ್ಲೆ ಬಿಚ್ಚಿಸಿ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಿದ್ದ. ಹುಡುಗರೂ ಬಾಯಿ ಮುಚ್ಚಿಕೊಂಡು ಬಿಚ್ಚಿಕೊಡುತ್ತಿದ್ದರು. ಅಣುವನ್ನೇ ಸೀಳಿದ ದೇಶಕ್ಕೆ ಒಂದು ಡ್ರಾಯರು ಕಾಣಲಿಲ್ಲ.

ಒಂದು ಮಧ್ಯಾಹ್ನ ಗುಳಿಗೆ ಕೊಳವೆಯಲ್ಲಿ ಸಿಕ್ಕಿಕೊಂಡಿತು. "ಕೈಯಲ್ಲೇ ತಳ್ಳೋ" ಅಂದ ನಲ್ಲಪ್ಪ, ಗೋಡೆಯಾಚೆ ನಿಂತು. ಎರಡು ವಾರಕ್ಕೆ ರೇವಣಸಿದ್ದನ ಬೆರಳುಗಳು ಸುಟ್ಟ ಬದನೆಕಾಯಿಯಂತೆ ಒಡೆದವು, ಚರ್ಮ ಗವಸಿನಂತೆ ಸುಲಿದು ಬಂತು. ಎರಡು ಬೆರಳು ಕತ್ತರಿಸಿದರು. ಬಿಸಿ ಎಣ್ಣೆ ಚೆಲ್ಲಿಕೊಂಡ ಅಂದರು ಮಾಲೀಕರು. ಬಿಲ್ಲೆಯೋ, ಹಾಲಿನಷ್ಟು ಶುದ್ಧ.

ಅವನ ಕೈಗೆ ಪೊರಕೆ ಬಂತು. ಕೊಳವೆಗೆ ಅವನ ತಂಗಿಯ ಗಂಡ ಪರಮಾನಂದ ಬಂದ.

ಬಿಲ್ಲೆಗಳ ಪೊಟ್ಟಣ ಕೊರಿಯರಿಗೆ ಕೊಡುವುದೂ ಈಗ ರೇವಣಸಿದ್ದನ ಪಾಲಿಗೆ. ಆ ಸಲ ಅವನು ಗುಡಿಸುವ ನೆವದಲ್ಲಿ ಪೊಟ್ಟಣವನ್ನು ಗುಳಿಗೆ ಬಂದು ನಿಲ್ಲುವ ಕೊಳವೆಯ ತುದಿಯಲ್ಲಿಟ್ಟು, ಒಂದು ಎಕ್ಸ್‌ರೇ ಮುಗಿದ ಮೇಲೆ ತೆಗೆದು ಕಳಿಸಿದ. ನಲ್ಲಪ್ಪನಿಗೆ ತಿಳಿಯುವಷ್ಟರಲ್ಲಿ ಕೊರಿಯರಿನವನು ಹೋಗಿಯಾಗಿತ್ತು.

"ಅನ್ನ ಹಾಕಿದ ಮನೆಗೇ ಕನ್ನ ಹಾಕ್ತೀಯೇನೋ?" ಸ್ಪ್ಯಾನರು ದವಡೆಗೆ ಬಿತ್ತು. ಬಿದ್ದವನ ಮೊಂಡುಗೈ ಮೇಲೆ ನಲ್ಲಪ್ಪ ಬೂಟಿಟ್ಟು ತಿರುವಿದ, ಬೀಡಿ ಹೊಸಕಿದ ಹಾಗೆ. ಹೊಲಿಗೆ ಬಿಚ್ಚಿ ಎಲುಬು ಕಂಡಿತು.

"ಕೊರಿಯರಣ್ಣ ತುಮಕೂರು ರೋಡ್ ದಾಟಿರ್ತಾನ್ರೀ," ಅಂದ ರೇವಣಸಿದ್ದ, ಹಲ್ಲು ಉಗಿದು.

ತಿಂಗಳೊಳಗೆ ಸಂಸ್ಥೆಯ ಜೀಪು ಬಂತು. ಇಳಿದ ಅಧಿಕಾರಿ ವೇಣಿ ಕೇಳಿದರು: "ಆರು ಬಿಲ್ಲೆಗೂ ಒಂದೇ ಲೆಕ್ಕ. ಇಷ್ಟು ವಿಕಿರಣ ಕುಡಿದವರು ಎದ್ದು ನಿಂತಿರೋದಿಲ್ಲ. ಯಾರ ಆಟ ಇದು?"

"ಇವನದೇ ಮೇಡಂ, ತಲೆ ಕೆಟ್ಟವನು," ಅಂದ ನಲ್ಲಪ್ಪ.

"ನಂದಽ ರೀ," ಅಂದ ರೇವಣಸಿದ್ದ.

ವೇಣಿ ಅವನ ಕೈ ನೋಡಿದರು. "ಇದೇನು?"

"ಬಿಸಿ ಎಣ್ಣೆ ಮೇಡಂ," ನಲ್ಲಪ್ಪನೇ ಉತ್ತರಿಸಿದ.

"ಅದಾದ ಎಷ್ಟು ದಿನಕ್ಕೆ ಗುಳ್ಳೆ ಎದ್ದಿತು?"

"ಎರಡು ವಾರದ ಮ್ಯಾಲ್ರೀ," ಅಂದ ರೇವಣಸಿದ್ದ.

"ಎಣ್ಣೆ ಅಷ್ಟು ದಿನ ಕಾಯಲ್ಲ ನಲ್ಲಪ್ಪನವರೇ."

ಆರೂ ಜನರ ರಕ್ತ ತೆಗೆದರು. ಪೆಟ್ಟಿಗೆಗೆ ಮೊಹರು ಬಿತ್ತು, ಶೆಡ್ಡಿಗೆ ಬೀಗ.

"ನನ್ನ ಅನ್ನ ಕಳದ್ಯಲ್ಲೋ ಭಾವಾ," ಅಂತ ಪರಮಾನಂದ ಅವನ ಕೊರಳಪಟ್ಟಿ ಹಿಡಿದ. ರೇವಣಸಿದ್ದ ಬಿಡಿಸಿಕೊಳ್ಳಲಿಲ್ಲ. ಹಿಡಿದ ಆ ಕೈಗಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಹತ್ತೂ ಇದ್ದವು.