ಸಾವಿಯನ್ನು ಕೋಣೆಗೆ ಕರೆದ ದಿನ

ನಾನು ಗಜೇಂದ್ರಗಡದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ನಮ್ಮ ಕಾಲೇಜಿನ ಹುಡುಗಿಯರ ಹಾಕಿ ತಂಡ ಮೊದಲ ಸಲ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್ ತಲುಪಿತು. ಆ ತಂಡಕ್ಕೆ ನಾನೇ ನಾಯಕಿ. ಅದಾಗಿ ಮೂರು ವರ್ಷವಾಯಿತು. ಸೋತ ಪಂದ್ಯಗಳನ್ನು ಮರೆತಿದ್ದೇನೆ, ಗೆದ್ದವೂ ಅರ್ಧಂಬರ್ಧ ನೆನಪು. ಆದರೆ ಆ ಸೆಮಿಫೈನಲ್ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮೂರು ಜಕ್ಕಲಿ. ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೆ. ರಜೆಗೆ ಹಾಕಿ ಸ್ಟಿಕ್ ಹಿಡಿದು ಊರಿಗೆ ಹೋದರೆ ಅಪ್ಪ ನಗುತ್ತಿದ್ದರು. "ಕೋಲ ಹಿಡ್ಕೊಂಡು ಓಡಾಕ ಅಷ್ಟ ದೂರ ಹೋಗಬೇಕೇನವಾ? ಹೊಲದಾಗ ಹಂದಿ ಬರ್ತಾವು, ಅವನ್ನರ ಓಡಸು" ಎನ್ನುತ್ತಿದ್ದರು. ನಮ್ಮ ಕಾಲೇಜಿನ ಮೈದಾನವೂ ಹೊಲಕ್ಕಿಂತ ಬಹಳ ಮೇಲೇನೂ ಇರಲಿಲ್ಲ. ಬರೀ ಹರಳುಗಲ್ಲು. ಚೆಂಡು ಹರಳಿಗೆ ಬಡಿದು ಎತ್ತಲೋ ಹಾರುತ್ತಿತ್ತು. ಸಂಜೆ ಪೂರ್ತಿ ಹುಡುಗರ ಕ್ರಿಕೆಟ್ ಇರುತ್ತಿದ್ದದ್ದರಿಂದ ನಮಗೆ ಸಿಗುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ.

ತಂಡದ ಜೀವ ಎಂದರೆ ಸಾವಿತ್ರಿ. ನಾವೆಲ್ಲ ಸಾವಿ ಎನ್ನುತ್ತಿದ್ದೆವು. ನನಗಿಂತ ಒಂದು ವರ್ಷ ಚಿಕ್ಕವಳು, ನೇಕಾರರ ಮನೆಯ ಹುಡುಗಿ. ಅವರ ಮನೆಯಲ್ಲಿ ಎರಡು ಕೈಮಗ್ಗ. ಒಂದರಲ್ಲಿ ಅವಳ ಅವ್ವ ಗಂಗವ್ವ ಕೂರುತ್ತಿದ್ದರು, ಇನ್ನೊಂದರಲ್ಲಿ ಕಾಲೇಜಿನಿಂದ ಬಂದ ಮೇಲೆ ಸಾವಿ. ಎತ್ತರದ ಆಳು, ಅಗಲ ಭುಜ, ಸ್ವಲ್ಪ ದಪ್ಪ ದನಿ. ಚೆಂಡು ಅವಳ ಸ್ಟಿಕ್ಕಿಗೆ ಸಿಕ್ಕರೆ ನಮ್ಮ ಹರಳಿನ ನೆಲದಲ್ಲೂ ಗೆರೆ ಎಳೆದ ಹಾಗೆ ನೇರ ಹೋಗುತ್ತಿತ್ತು. ಕೂದಲನ್ನು ಗಂಡು ಹುಡುಗರ ಹಾಗೆ ಗಿಡ್ಡಗೆ ಕತ್ತರಿಸಿಕೊಂಡಿದ್ದಳು. "ಹರಕಿ ಏನರ ಇತ್ತೇನ?" ಎಂದು ಯಾರಾದರೂ ಕೇಳಿದರೆ, "ಹರಕಿ ಗಿರಕಿ ಏನಿಲ್ರಿ. ನಸುಕಿನ್ಯಾಗ ಆಟ, ಆಮ್ಯಾಲೆ ಕಾಲೇಜ, ಸಂಜಿಕ ಮಗ್ಗ. ಎರಡ ಜಡಿ ಹಾಕ್ಕೊಂಡು ಕುಂದ್ರಾಕ ಯಾಳ್ಯಾ ಯಾರಿಗೈತ್ರಿ?" ಎಂದು ನಗುತ್ತಿದ್ದಳು.

ಆ ವರ್ಷ ನಮ್ಮ ಮೊದಲ ಪಂದ್ಯ ರೋಣದಲ್ಲಿ. ನಾವು ಸೋಲುತ್ತೇವೆಂದೇ ಎಲ್ಲರೂ ತಿಳಿದಿದ್ದರು, ನಾವೂ ಸಹ. ಸಾವಿ ಎರಡು ಗೋಲು ಹೊಡೆದಳು, ಗೆದ್ದೆವು. ಆಮೇಲೆ ನರಗುಂದದಲ್ಲಿ ಆಡಿದ್ದು ಎರೆಮಣ್ಣಿನ ಮೈದಾನದಲ್ಲಿ. ಹಿಂದಿನ ದಿನ ಮಳೆಯಾಗಿ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತುವುದೇ ಕಷ್ಟವಾಗಿತ್ತು. ಅಲ್ಲೂ ಗೆದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಕೂಗಾಟ ತಡೆಯಲಾರದೆ ಕಂಡಕ್ಟರು, "ಏ ತಂಗೀ, ಗೆದ್ದೀರಿ ಅಂತ ತಿಳೀತು, ಇನ್ನರ ಸುಮ್ನ ಕುಂದರ್ರಿ" ಎಂದು ಕೈ ಮುಗಿದರು.

ಸೆಮಿಫೈನಲ್ ಇದ್ದದ್ದು ದೂರದ ಒಂದು ಊರಿನ ಕಾಲೇಜಿನಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ನಾವು ಆಡಬೇಕಾಗಿದ್ದದ್ದು ಅದೇ ಕಾಲೇಜಿನ ತಂಡದ ಜೊತೆ. ಗಂಗವ್ವ ಅಲ್ಲಿಯವರೆಗೆ ಮಗಳ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. "ಒಂದ ದಿನ ಮಗ್ಗ ನಿಂತ್ರ ನಿಲ್ಲಲಿ ಬೇ, ಬಾ" ಎಂದು ಸಾವಿ ಗಂಟು ಬಿದ್ದು ಕರೆದುಕೊಂಡು ಬಂದಿದ್ದಳು. ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ನಮ್ಮ ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ನಮಗೆಲ್ಲ ಶೇಂಗಾ ಹೋಳಿಗೆ ಹಂಚಿದರು. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಹಿರಿಯರೆಂದರೆ ದೈಹಿಕ ಶಿಕ್ಷಣದ ಸರ್. ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಮುಂದೆ ಬಾಯಿ ಬಿಡುವವರಲ್ಲ.

ಅವತ್ತು ಸಾವಿ ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಅರ್ಧ ಆಟ ಮುಗಿಯುವಷ್ಟರಲ್ಲಿ ನಾವು ಎರಡು ಗೋಲು ಮುಂದಿದ್ದೆವು, ಎರಡೂ ಅವಳವೇ. ವಿರಾಮದಲ್ಲಿ ನೀರು ಕುಡಿಯುತ್ತಿದ್ದಾಗ ಎದುರು ತಂಡದ ಮ್ಯಾನೇಜರು ಸಂಘಟಕರ ಮೇಜಿನ ಹತ್ತಿರ ನಿಂತು ಏನೋ ಪಿಸುಗುಡುತ್ತಿದ್ದದ್ದು ಕಾಣಿಸಿತು. ಮೇಜಿನ ಹಿಂದೆ ಎದೆಗೆ ಬ್ಯಾಜ್ ಹಾಕಿಕೊಂಡ ಮುಖ್ಯ ಸಂಘಟಕರೊಬ್ಬರು ಕೂತಿದ್ದರು. ಅವರು ನಮ್ಮ ಸರ್ ಅವರನ್ನು ಕರೆದರು. ನಾಯಕಿಯಾದ್ದರಿಂದ ನಾನೂ ಹೋದೆ.

"ನಿಮ್ಮ ಹನ್ನೊಂದನೇ ನಂಬರ್ ಮ್ಯಾಲ ತಕರಾರು ಬಂದೈತಿ" ಎಂದರು ಸಂಘಟಕರು.

"ಏನ್ ತಕರಾರ್ರಿ?" ಎಂದರು ಸರ್.

ಅವರು ಪಕ್ಕದವರನ್ನು ನೋಡಿ ಒಂದು ನಮೂನೆ ನಕ್ಕರು. "ಅದು ಹುಡುಗಿನೋ ಹುಡುಗನೋ ಅಂತ."

ನನಗೆ ಮೊದಲು ತಮಾಷೆ ಎನಿಸಿತು. ತಮಾಷೆಯಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸರ್ ಸಾವಿಯ ಆಧಾರ್ ಕಾರ್ಡ್, ಕಾಲೇಜಿನ ಗುರುತಿನ ಚೀಟಿ ಎರಡನ್ನೂ ತೋರಿಸಿದರು. "ಇವನ್ನ ಯಾರು ಬೇಕಾದ್ರೂ ಮಾಡಿಸ್ತಾರ. ಆ ಕೈ ನೋಡ್ರಿ, ಆ ಭುಜ ನೋಡ್ರಿ. ಹೆಣ್ಣಮಕ್ಕಳ ಕೈ ಹಂಗಿರ್ತಾವೇನ್ರಿ?" ಎಂದರು ಆ ಮ್ಯಾನೇಜರು. ಸಂಘಟಕರು ಮೈದಾನದ ಅಂಚಿನ ಕೋಣೆಯೊಂದನ್ನು ತೋರಿಸಿ, "ನಮ್ಮ ಮೇಡಂ ಒಬ್ಬರು ಇದ್ದಾರ. ಒಳಗ ಕರ್ಕೊಂಡು ಹೋಗಿ ನೋಡ್ತಾರ. ಐದು ನಿಮಿಷದ ಕೆಲಸ. ಹುಡುಗಿ ಇದ್ರ ಆಡ್ಲಿ, ಯಾರ್ ಬ್ಯಾಡಂದ್ರು?" ಎಂದರು. ಆ ಮೇಡಂ ಎದ್ದು ನಿಂತಿದ್ದರು, ಸೆರಗು ಹೊದ್ದುಕೊಂಡು ನೆಲ ನೋಡುತ್ತಿದ್ದರು.

ಒಬ್ಬ ಹುಡುಗಿಯ ಬಟ್ಟೆ ಬಿಚ್ಚಿ ನೋಡುವುದು ಐದು ನಿಮಿಷದ ಕೆಲಸವಂತೆ!

ಮಾತು ಹೇಗೆ ಹರಡಿತೋ ಗೊತ್ತಿಲ್ಲ. ಆಟ ನೋಡಲು ಗೋಡೆಯ ಮೇಲೆ ಕೂತಿದ್ದ ಹುಡುಗರು "ಏ ಅಣ್ಣಾ, ಹೋಗಿ ಬಾರೋ" ಎಂದು ಸಿಳ್ಳೆ ಹಾಕತೊಡಗಿದರು. ಸಾವಿ ಸ್ಟಿಕ್ ಹಿಡಿದು ಮೈದಾನದ ನಡುವೆ ಒಬ್ಬಳೇ ನಿಂತಿದ್ದಳು. ಓಡಿಹೋಗಿ ಅವಳ ಮುಂದೆ ನಿಂತೆ. ಅವಳು ನನ್ನ ಮುಖ ನೋಡಲಿಲ್ಲ.

"ಹೋಗಿ ಬರ್ತೀನಿ ಬಿಡಕ್ಕಾ. ಇಲ್ಲಂದ್ರ ನಿಮ್ಮೆಲ್ಲಾರ ಆಟ ಹಾಳಾಕ್ಕೈತಿ" ಎಂದಳು.

"ಏನಂತ ಹೋಗ್ತಿ? ನೀ ಏನ್ ಕಳ್ಳತನ ಮಾಡೀಯೇನ?"

"ಫೈನಲ್ ಆಡಬೇಕಲ್ಲಕ್ಕಾ" ಎಂದು ಸ್ಟಿಕ್ ನನ್ನ ಕೈಗೆ ಕೊಟ್ಟು, ಬಿರಬಿರನೆ ನಡೆದುಬಿಟ್ಟಳು. ಹಿಂದೆ ಸಿಳ್ಳೆ, ಮುಂದೆ ಆ ಕೋಣೆ. ನಮ್ಮ ಸರ್ ಮೆಲ್ಲಗೆ, "ಹೋಗಿ ಬರ್ಲಿ ಬಿಡವಾ, ಹೆಣ್ಣಮಗಳ ನೋಡಾಕಿ, ಗಂಡಸರಲ್ಲ" ಎಂದರು. ಆ ಮನುಷ್ಯನಿಗೂ ಇಬ್ಬರು ಹೆಣ್ಣುಮಕ್ಕಳು.

ಸಾವಿ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಗಂಗವ್ವ ಅಲ್ಲಿಗೆ ಬಂದಿದ್ದರು. ಯಾರು ಹೇಳಿದರೋ ತಿಳಿಯದು. ಬುತ್ತಿಯ ಗಂಟು ಕಂಕುಳಲ್ಲೇ ಇತ್ತು. ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದು, ತಾವು ಬಾಗಿಲಿಗೆ ಅಡ್ಡ ನಿಂತರು. ನಾವೆಲ್ಲ ಓಡಿದೆವು, ಸಂಘಟಕರೂ ಬಂದರು.

"ಯಪ್ಪಾ, ಇಕಿನ್ನ ಹಡದಾಕಿ ನಾ ಇಲ್ಲೇ ನಿಂತೀನಿ. ಕೇಳೂದಿದ್ರ ನನ್ನ ಕೇಳ್ರಿ. ಇಕಿನ್ನ ಒಳಗ ಒಯ್ದು ಏನ್ ನೋಡವ್ರು ನೀವು?" ಎಂದರು ಗಂಗವ್ವ. ದನಿ ಏರಿಸಿರಲಿಲ್ಲ.

"ಯವ್ವಾ, ನಿನಗ ಇದೆಲ್ಲಾ ತಿಳಿಯಂಗಿಲ್ಲ. ಇದು ಆಟದ ನಿಯಮ" ಎಂದರು ಸಂಘಟಕರು.

"ಕೈ ಗಟ್ಟಿ ಅದಾವು, ಅದಕ್ಕ ಗಂಡಸು ಅಂದ್ರಂತ. ತಗೋರಿ, ನನ್ನ ಕೈ ಹಿಡದು ನೋಡ್ರಿ." ಗಂಗವ್ವ ಎರಡೂ ಕೈಯನ್ನು ಅವರ ಮುಖದ ಮುಂದೆ ಚಾಚಿದರು. "ನನ್ನ ಮದಿವಿ ಆದಾಗಿಂದ ಮಗ್ಗ ಹೊಡದಾವ್ರಿ ಇವು. ನಿಮ್ಮ ಮನಿ ಹೆಣ್ಣಮಕ್ಕಳು ಉಡೂ ಸೀರಿ ನೇಯ್ದ ಕೈ. ನಾನೂ ಗಂಡಸೇನ್ರಿ?"

ಸಂಘಟಕರು ಆ ಕೈಯನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, "ಏನವಾ ಕ್ಯಾಪ್ಟನ್, ಟೈಮ್ ಆಗಾಕತ್ತೈತಿ" ಎಂದರು.

ಅಲ್ಲಿಯವರೆಗೆ ನನಗೆ ಭಯವಿತ್ತು. ಆಗ ಅದೆಲ್ಲಿ ಹೋಯಿತೋ. "ನಿಯಮ ಅಂದ್ರಲ್ರಿ, ಎಲ್ಲೈತಿ ತೋರಸ್ರಿ" ಎಂದೆ. ತೋರಿಸಲಿಲ್ಲ. "ಹಂಗಿದ್ರ ನಮ್ಮೊಬ್ಬಾಕಿನ್ನ ಯಾಕ ನೋಡ್ತೀರಿ? ಅವರ ತಂಡದವರನ್ನೂ ಸಾಲಾಗಿ ಒಳಗ ಕರೀರಿ. ಅವರೂ ಹುಡುಗ್ಯಾರ ಅಂತ ನಮಗೇನ್ ಗೊತ್ತು?" ಎಂದೆ.

"ಬಾಯಿ ಭಾಳಾತು ನಿಂದು" ಎಂದು ಆ ಮ್ಯಾನೇಜರು ಮುಂದೆ ಬಂದರು. ಅವರ ತಂಡದ ಹುಡುಗಿಯರ ಮುಖ ಕಪ್ಪಿಟ್ಟಿತು. ಅವರ ನಾಯಕಿ, ತೆಳ್ಳಗಿನ ಹುಡುಗಿ, ಮ್ಯಾನೇಜರ ಬಳಿ ಹೋಗಿ, "ಸರ್, ತಕರಾರು ಬ್ಯಾಡ್ರಿ. ನಾವು ಆಡ್ತೀವ್ರಿ. ಸೋತ್ರ ಸೋಲ್ತೀವಿ" ಎಂದಳು. "ನೀ ಸುಮ್ನ ಆ ಕಡೆ ನಿಂದ್ರು" ಎಂದು ಎಲ್ಲರೆದುರೇ ಗದರಿದರು. ಅವಳು ಸರಿದು ನಿಂತಳು, ಆದರೆ ಅಳುತ್ತಿದ್ದಳು.

ನಮ್ಮ ಗೋಲ್‌ಕೀಪರ್ ನೆಲದಲ್ಲಿ ಕೂತು, ಯಾರೂ ಹೇಳದೆಯೇ, ಕಾಲಿನ ಪ್ಯಾಡುಗಳನ್ನು ಬಿಚ್ಚತೊಡಗಿದಳು. ಅವಳನ್ನು ನೋಡಿ ಉಳಿದವರೂ ಬೂಟು ಬಿಚ್ಚಿದರು. ನಮ್ಮ ಸರ್ "ಏ ಏ, ಏನ್ ಮಾಡಾಕತ್ತೀರಿ?" ಎನ್ನುತ್ತಲೇ ಇದ್ದರು. ನಾವು ಬ್ಯಾಗ್ ಹೆಗಲಿಗೇರಿಸಿ ನಡೆದೆವು. ಮೈಕಿನಲ್ಲಿ ಆ ಕಾಲೇಜು ಗೆದ್ದಿತೆಂದು ಘೋಷಣೆಯಾಯಿತು. ಗೋಡೆ ಮೇಲಿನ ಹುಡುಗರು ಚಪ್ಪಾಳೆ ತಟ್ಟಿದರು. ಎರಡು ಗೋಲು ಹೊಡೆದ ಹುಡುಗಿ ಅವ್ವನ ಸೆರಗು ಹಿಡಿದು ನಡೆಯುತ್ತಿದ್ದಳು.

ನಾವು ಟೆಂಪೋ ಹತ್ತುವಾಗ ಆ ನಾಯಕಿ ಓಡಿ ಬಂದಳು. ಸಾವಿಯ ಕೈ ಹಿಡಿದು "ತಪ್ಪಾತಕ್ಕಾ" ಎಂದಳು. ಸಾವಿ ಅವಳ ಕೈ ಬಿಡಿಸಿಕೊಳ್ಳದೆ, "ನೀ ಯಾಕ ಕ್ಷಮಾ ಕೇಳ್ತೀ? ಕೇಳಬೇಕಾದವರು ಅಲ್ಲಿ ಕುಂತಾರ" ಎಂದಳು. ದಾರಿಯಲ್ಲಿ ಗಂಗವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಕೊಟ್ಟರು. ಉಂಡವರು ಯಾರೂ ಇಲ್ಲ.

ಕಾಲೇಜಿನಲ್ಲಿ ನಮ್ಮ ಪರವಾಗಿ ನಿಲ್ಲುತ್ತಾರೆಂದುಕೊಂಡಿದ್ದೆ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಗೆಲ್ಲೂ ಆಟ ಕೈಯಾರ ಬಿಟ್ಟು ಬಂದ್ರಿ. ಕಾಲೇಜಿನ ಮರ್ಯಾದಿ ಏನಾತು?" ಎಂದು ಬೈದರು. "ಸರ್, ಸಾವಿತ್ರಿ ಮರ್ಯಾದಿ?" ಎಂದು ಕೇಳಿದೆ. "ಅದನ್ನ ದೊಡ್ಡದು ಮಾಡಿದ್ರ ಆಕಿದ ಹೆಸರ ಕೆಡತೈತಿ. ನಾಳೆ ಮದಿವಿ ಆಗೂ ಹುಡುಗಿ" ಎಂದರು. ದೂರು ಕೊಡೋಣ ಎಂದೆ, ಫೋನಿನಲ್ಲಾದರೂ ಮಾತಾಡಿರಿ ಎಂದೆ. ಮುಂದಿನ ವರ್ಷ ನಮ್ಮ ಹುಡುಗರ ತಂಡ ಅದೇ ಊರಿಗೆ ಆಡಲು ಹೋಗಬೇಕಿತ್ತಂತೆ, ಸಂಬಂಧ ಕೆಡಿಸಿಕೊಳ್ಳುವುದು ಬೇಡವಂತೆ. ಗಜೇಂದ್ರಗಡಕ್ಕೂ ಸುದ್ದಿ ಮುಟ್ಟಿತು. ಬಜಾರಿನಲ್ಲಿ ಕೆಲವರು ಸಾವಿ ಹೋಗುವಾಗ "ಸಾವಿತ್ರಣ್ಣಾ" ಎಂದು ಕೂಗಿದರು. ಆ ಊರಲ್ಲಿ ತಪ್ಪು ಮಾಡಿದವರು ಹಾರ ಹಾಕಿಸಿಕೊಂಡು ಓಡಾಡಿದರು, ಇಲ್ಲಿ ಅವಳು ಓಣಿ ಬದಲಿಸಿ ನಡೆದಳು.

ಕೆಲವು ದಿನ ಸಾವಿ ಮೈದಾನಕ್ಕೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಿದ್ದಳು. ಅವಳನ್ನು ಸಮಾಧಾನ ಮಾಡಬೇಕೆಂದು ನಾಲ್ಕು ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವಳೇ ಮಗ್ಗ ನಿಲ್ಲಿಸಿ ಹೇಳಿದಳು:

"ಅವರು ಕೇಳಿದ್ದಕ್ಕ ಸಿಟ್ಟಿಲ್ಲಕ್ಕಾ. ಅವರ ಬುದ್ಧಿ ಅಷ್ಟು. ನಾ ಹೊಂಟು ನಿಂತಿದ್ನಲ್ಲ, ಅದಕ್ಕ ಸಿಟ್ಟು. ಅವ್ವ ಬರಲಿಲ್ಲಂದ್ರ ಒಳಗ ಹೋಗಿಬಿಡ್ತಿದ್ದೆ. ಹೋಗೂದು ಸರಳ ಅನಿಸಿಬಿಟ್ಟಿತ್ತು ನನಗ. ಹಂಗ ಯಾಕ ಅನಿಸಿತು?"

ಹತ್ತೊಂಬತ್ತು ವರ್ಷದ ಹುಡುಗಿಗೆ, ಸಿಳ್ಳೆಗಳ ನಡುವೆ ಆ ಕೋಣೆಗೆ ನಡೆದುಹೋಗುವುದು ಸರಳ ಎನ್ನಿಸುವ ಹಾಗೆ ಮಾಡಿದವರು ಯಾರು? ಬ್ಯಾಜ್ ಹಾಕಿಕೊಂಡ ಒಬ್ಬರೇ ಅಲ್ಲ. ಹುಡುಗಿಯರು ಹೊಂದಿಕೊಂಡು ಹೋಗಬೇಕು ಎಂದು ನಮಗೆ ದಿನಾ ಹೇಳಿದ ಎಲ್ಲರೂ.

ಸಾವಿ ಮುಂದಿನ ವರ್ಷವೂ ಆಡಿದಳು. ನಾನು ಆಗ ಕಾಲೇಜು ಬಿಟ್ಟಿದ್ದೆ, ಆದರೂ ರೋಣದ ಪಂದ್ಯ ನೋಡಲು ಹೋದೆ. ಕೂದಲು ಅಷ್ಟೇ ಗಿಡ್ಡ. ಗಂಗವ್ವ ಪ್ರೇಕ್ಷಕರ ಜೊತೆ ಕೂತಿರಲಿಲ್ಲ. ಸಂಘಟಕರ ಮೇಜಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತಿದ್ದರು. "ಯವ್ವಾ, ಇಲ್ಲಿ ಕುಂದ್ರಬಾರದ್ರಿ" ಎಂದು ಯಾರೋ ಹೇಳಿದರು. "ಕುಂದರ್ತೀನಪ್ಪಾ. ನನ್ನ ಮಗಳ ಬಗ್ಗೆ ಏನರ ಕೇಳೂದು ಬಂದ್ರ ಸನೇದಾಗ ಇರಬೇಕಲ್ಲ" ಎಂದರು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಈಗ ನಾನು ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಈ ಸಂಗತಿ ಹೇಳಿದಾಗಲೆಲ್ಲ ಜನ, "ಆಗಿದ್ದು ಆಗಿಹೋತು, ಕ್ಷಮಿಸಿ ಬಿಟ್ಟುಬಿಡ್ರಿ ಟೀಚರ್" ಎನ್ನುತ್ತಾರೆ. ಬಿಡಬಹುದು. ಆದರೆ ಇವತ್ತಿನವರೆಗೆ ಅವತ್ತು ಆ ಮೇಜಿನ ಸುತ್ತ ಇದ್ದವರಲ್ಲಿ ಒಬ್ಬರೂ ಸಾವಿಯ ಮನೆ ಬಾಗಿಲಿಗೆ ಬಂದು ತಪ್ಪಾಯಿತು ಎಂದಿಲ್ಲ. ಯಾರೂ ಕೇಳದ ಕ್ಷಮೆಯನ್ನು ಯಾರಿಗೆಂದು ಕೊಡಲಿ?