ಮನೆಯವರು ನಿಂತೇ ಹೋದ ಮೋಟಾರು

ಬಸ್ಸಿನಲ್ಲಿ ಸೀಟು ಹಿಡಿಯುವುದೂ ಒಂದು ಲಲಿತಕಲೆ. ಕಿಟಕಿಯಿಂದ ಕರವಸ್ತ್ರ ಎಸೆದು, ಟವೆಲು ಹಾಸಿ, ಸಮಯ ಬಂದರೆ ಸ್ವಂತ ಮೊಮ್ಮಗನನ್ನೇ ಒಳಗೆ ತೂರಿಸಿ ಜಾಗ ಕಾಯ್ದಿರಿಸುವ ಕಲಾವಿದರನ್ನು ನಾನು ಬೆರಗಿನಿಂದ ನೋಡುತ್ತೇನೆ. ನನಗಂತೂ ಸಿಕ್ಕ ಸೀಟಿನಲ್ಲಿ ಕೂತಿರುವುದೇ ಬರುವುದಿಲ್ಲ. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಸಾಕು, ನನ್ನ ಮೊಣಕಾಲುಗಳು ನನ್ನ ಅಪ್ಪಣೆಗೂ ಕಾಯದೆ ಎದ್ದುಬಿಡುತ್ತವೆ. ಎಂಬತ್ತು ದಾಟಿದ ನನ್ನಂಥ ಮುದುಕಿ ಕಾಲೇಜು ಹುಡುಗನಿಗೆ ಜಾಗ ಬಿಟ್ಟುಕೊಡುವುದನ್ನು ಕಂಡು ಬಸ್ಸಿಗೆ ಬಸ್ಸೇ ಆ ಪಾಪದವನನ್ನು ದುರುಗುಟ್ಟಿ ನೋಡುತ್ತದೆ. ತಪ್ಪು ಅವನದಲ್ಲ, ನನ್ನ ವಂಶದ್ದು.

ಏಕೆಂದರೆ ನಾವು ಮೋಟಾರಿನವರು. ವಿಜಯಪುರವನ್ನು ಎಲ್ಲರೂ ವಿಜಾಪುರ ಎನ್ನುತ್ತಿದ್ದ ನಲವತ್ತರ ದಶಕದಲ್ಲಿ, ಜೋರಾಪುರ ಪೇಟೆಯಿಂದ ತಿಕೋಟಾಕ್ಕೆ, ಅಲ್ಲಿಂದ ಹೊರಳಿ ಬಬಲೇಶ್ವರಕ್ಕೆ ದಿನವೂ ಹೋಗಿಬರುತ್ತಿದ್ದ ಸರ್ವಿಸ್ ಮೋಟಾರು ನಮ್ಮದು. ನಮ್ಮ ಅಜ್ಜ, ಅಂದರೆ ಮುತ್ತ್ಯಾ, ಹತ್ತಿ ವ್ಯಾಪಾರ ಬಿಟ್ಟು ಅದನ್ನು ತಂದಿದ್ದ. ಕಾಕಾ ಓಡಿಸುತ್ತಿದ್ದ, ಅಪ್ಪ ಟಿಕೆಟ್ ಹರಿಯುತ್ತಿದ್ದ. ಯುದ್ಧ ಬಂದು ಪೆಟ್ರೋಲು ದುರ್ಲಭವಾದಾಗ, ಮೋಟಾರಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಹಂಡೆಯೊಂದನ್ನು ಕಟ್ಟಿ, ಅದರ ಗ್ಯಾಸಿನಿಂದಲೇ ಓಡಿಸಿದರು. ನಸುಕಿನಲ್ಲಿ ಆ ಹಂಡೆಗೆ ಬೆಂಕಿ ಹೊತ್ತಿಸುವ ಅಧಿಕಾರ ಮಾತ್ರ ನಮ್ಮ ಅಜ್ಜಿಯದು. ಒಲೆ ಯಾವುದಾದರೇನು, ಗಂಡಸರು ಊದಿದರೆ ಬರಿ ಹೊಗೆಯೇ ಬರುತ್ತದೆ ಎಂಬುದು ಆಕೆಯ ಸಿದ್ಧಾಂತ. ಏರು ಬಂದಲ್ಲಿ ಮೋಟಾರು ಏದುಸಿರು ಬಿಟ್ಟು ನಿಂತರೆ, ಸಾಹುಕಾರರು, ಕೂಲಿಯವರು, ಮಾಲೀಕರು ಎಂಬ ಭೇದವಿಲ್ಲದೆ ಎಲ್ಲರೂ ಇಳಿದು ತಳ್ಳುತ್ತಿದ್ದರು. ಸ್ವಾತಂತ್ರ್ಯಕ್ಕೆ ಮೊದಲೇ ಸಮಾನತೆ ಬಂದದ್ದು ಆ ರಸ್ತೆಯಲ್ಲಿ ಎಂದು ನಾನು ಈಗಲೂ ಜಂಬದಿಂದ ಹೇಳುತ್ತೇನೆ.

ಮುತ್ತ್ಯಾ ಮೋಟಾರಿಗೆ ಹೆಸರು ಬರೆಸಲಿಲ್ಲ, ಒಂದು ಕಾಯಿದೆ ಮಾತ್ರ ಮಾಡಿದ. "ಮಂದಿ ನಿಂತಿರಬೇಕಾದ್ರ ಮನಿಯವ್ರು ಕೂಡಂಗಿಲ್ಲ." ಮಂದಿ, ಅಂದರೆ ಹೊರಗಿನವರು, ಯಾವಾಗಲೂ ನಿಂತೇ ಇರುತ್ತಿದ್ದರಿಂದ ನಾವು ಎಂದೂ ಕೂಡಲಿಲ್ಲ. ಸ್ವಂತ ಮೋಟಾರಿದ್ದವಳೆಂದು ಗೆಳತಿಯರು ನನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ತಿಕೋಟಾದ ಹಾದಿಯಲ್ಲಿ ಯಾವ ಗಿಡಗಳಿವೆ ಎಂದು ಅವರು ಕೇಳಿದ್ದರೆ ಎಂದೂ ಕಿಟಕಿ ಸಿಗದ ನಾನು ಬಾಯಿ ಬಾಯಿ ಬಿಡುತ್ತಿದ್ದೆ. ಯಾರ ರುಮಾಲು ಯಾವ ಬಣ್ಣದ್ದು ಎಂದು ಕೇಳಿದ್ದರೆ ಮಾತ್ರ ತಪ್ಪಿಲ್ಲದೆ ಹೇಳುತ್ತಿದ್ದೆ.

ಈ ಕಾಯಿದೆಗೆ ನಿಜವಾದ ಪರೀಕ್ಷೆ ಬಂದದ್ದು ನಮ್ಮ ಅಕ್ಕನ ಮದುವೆಯಲ್ಲಿ. ಅವಳನ್ನು ಕೊಟ್ಟದ್ದು ಬಬಲೇಶ್ವರದ ದೊಡ್ಡ ಮನೆತನಕ್ಕೆ. ಮದುವೆಯೂ ಅವರೂರಲ್ಲೇ. ಮಾನಮರ್ಯಾದೆಯ ವಿಷಯದಲ್ಲಿ ಬೀಗರು ಬಲು ಸೂಕ್ಷ್ಮ. ಹಿಂದಿನ ದಿನ ಊರ ಅಗಸಿ ಬಾಗಿಲಲ್ಲೇ ಬಾಜಾ ಬಾರಿಸಿ ಮದುಮಗಳನ್ನು ಇದಿರುಗೊಳ್ಳುವುದಾಗಿ ಹೇಳಿಕಳಿಸಿದ್ದರು. ಅಂದು ಒಂದು ದಿನ ಮೋಟಾರು ನಮ್ಮ ದಿಬ್ಬಣಕ್ಕೇ ಇರಲಿ ಎಂದು ಅವ್ವ ಬೇಡಿಕೊಂಡಳು. ದಾರಿಯಲ್ಲಿ ಕಾಯುವವರನ್ನು ಬಿಟ್ಟುಹೋಗಲು ಮುತ್ತ್ಯಾ ಒಪ್ಪಲಿಲ್ಲ. ಆದರೂ ಮೊಮ್ಮಗಳಲ್ಲವೇ, ಅವಳಿಗೆ ಮಾತ್ರ ಕಾಯಿದೆಯಿಂದ ವಿನಾಯಿತಿ ಕೊಟ್ಟು ಮುಂದಿನ ಸೀಟಿನಲ್ಲಿ ಕೂಡಿಸಿದ. ಸ್ವಂತ ಮೋಟಾರಿನಲ್ಲಿ ಮದುಮಗಳಿಗೇ ಜಾಗವಿಲ್ಲದ್ದನ್ನು ಬೀಗರು ಕಂಡರೆ, ಅವಳು ಬಾಳುವಷ್ಟು ಕಾಲ ಆ ಮಾತು ಕೇಳಬೇಕಾಗುತ್ತದೆ ಎಂಬ ಭಯ ಅವನಿಗೂ ಇತ್ತು.

ತಿಕೋಟಾದಲ್ಲಿ ಬಳೆಗಾರನೊಬ್ಬ ಹಣ್ಣುಹಣ್ಣಾದ ತನ್ನ ತಾಯಿಯನ್ನು ಹತ್ತಿಸಿದ. ಒಳಗೆ ಕಾಲಿಡಲು ಜಾಗವಿಲ್ಲ. ಉಳಿದವರು ಅತ್ತಿತ್ತ ನೋಡುವಷ್ಟರಲ್ಲಿ ಅಕ್ಕ ಎದ್ದು ನಿಂತು, ಅರಿಷಿಣ ಹಚ್ಚಿದ ಕೈಯಿಂದಲೇ ಮುದುಕಿಯನ್ನು ಹಿಡಿದು ಕೂಡಿಸಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕೂಡ ಬೇ, ಇವತ್ತೊಂದಿನ ನಡೀತೈತಿ" ಎಂದ ಮುತ್ತ್ಯಾ. ಕಾಯಿದೆ ಮಾಡಿದವನೇ ಅದನ್ನು ಮುರಿಯಲು ಗೋಗರೆಯುತ್ತಿದ್ದ.

"ನಾಳಿಯಿಂದ ನಾ ಮಂದಿ ಮನಿಯಾಕಿ, ಮುತ್ತ್ಯಾ. ಇವತ್ತೊಂದಿನ ಈ ಮನಿಯಾಕಿಯಾಗಿ ನಿಂದ್ರತೇನಿ" ಎಂದಳು ಅಕ್ಕ.

ಅಗಸಿಯಲ್ಲಿ ಅಂಜಿದ್ದೇ ಆಯಿತು. ಗದ್ದಲದ ನಡುವೆ, ಮೂಗಿಗೆ ಇದ್ದಿಲ ಮಸಿ ಹತ್ತಿಸಿಕೊಂಡು ನಿಂತೇ ಬಂದ ಸೊಸೆಯನ್ನು ಕಂಡು ಬೀಗರ ಮುಖ ಕಪ್ಪಿಟ್ಟಿತು. ಬಾಜಾ ಅರ್ಧಕ್ಕೇ ನಿಂತಿತು. ಆಗ ಬಳೆಗಾರನ ತಾಯಿ ಸೀಟಿನಿಂದಲೇ ಕೂಗಿ ಹೇಳಿದಳು: "ನನ್ನ ಕೂಡಿಸಿ ತಾ ನಿಂತ ಬಂದಾಳ್ರಿ ನಿಮ್ಮ ಸೊಸಿ. ಇಂಥಾಕಿ ಸಿಕ್ಕಾಳ ನಿಮಗ, ಮೊದಲ ದೃಷ್ಟಿ ತಗೀರಿ!" ಬೀಗರು ಅಕ್ಕನನ್ನೂ ಮುದುಕಿಯನ್ನೂ ಒಮ್ಮೆ ನೋಡಿದರು. ಆಮೇಲೆ ಬಾಜಾದವರ ಕಡೆ ತಿರುಗಿ, "ಏನ ನೋಡ್ತೀರಿ? ಜೋರಾಗಿ ಊದ್ರಿ" ಎಂದರು.

ದಶಕ ಮುಗಿದು ಸ್ವಲ್ಪ ದಿನಕ್ಕೆ ಸರಕಾರಿ ಬಸ್ಸುಗಳು ಬಂದು ನಮ್ಮ ಮೋಟಾರು ನಿಂತುಹೋಯಿತು. ಊರಿನವರಿಗೆಲ್ಲ ಗುಮ್ಮಟದ ಹೆಮ್ಮೆ. ತೋರಿಸಲು ಒಂದು ಗಾಲಿಯೂ ಉಳಿಯದ ನನಗೆ ನಮ್ಮ ಮೋಟಾರಿನದೇ ಹೆಮ್ಮೆ. ನಿಮಗೆ ಇದು ಅತಿಯೆನಿಸಿದರೆ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ.

ಮದುವೆಯಾದ ಮೇಲೆ ಅಕ್ಕನನ್ನು ಮೊದಲ ಸಲ ತವರಿಗೆ ಕರೆತರಲು ಮುತ್ತ್ಯಾನ ಜೊತೆ ನಾನೂ ಹೋಗಿದ್ದೆ. ಬಬಲೇಶ್ವರದಲ್ಲಿ ಮೋಟಾರು ಹತ್ತಿದವಳೇ ಅಕ್ಕ ರೂಢಿಯಂತೆ ಕಂಬಿ ಹಿಡಿದು ನಿಂತಳು. ಮುತ್ತ್ಯಾ ಅವಳಿಗೆಂದೇ ಖಾಲಿ ಇಟ್ಟಿದ್ದ ಸೀಟು ತೋರಿಸಿ, "ಕೂಡವ್ವಾ, ನೀ ಈಗ ಮಂದಿ ಮನಿಯಾಕಿ" ಎಂದ. ಬೀಳ್ಕೊಡುವ ದಿನ ಕಣ್ಣೊದ್ದೆ ಮಾಡದಿದ್ದ ಅಕ್ಕ ಆ ಸೀಟಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಿಕೋಟಾದಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಹತ್ತಿದಳು. ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ಮುತ್ತ್ಯಾ ಈ ಸಲ ಕೂಡೆನ್ನಲಿಲ್ಲ. ತಾನು ಹಿಡಿದಿದ್ದ ಕಂಬಿಯ ಮೇಲೆ ಕೈ ತುಸು ಸರಿಸಿ, ಅವಳ ಕೈಗೆ ಜಾಗ ಮಾಡಿಕೊಟ್ಟ.