ಬಾವುಟ ಕಿತ್ತ ದಿನ

ಬೆಳಿಗ್ಗೆ ಎಮ್ಮೆ ಕರೆದು, ಅಂಗಳ ಸಾರಿಸಿ, ಜೋಳ ಬೀಸಿ, ಮಜ್ಜಿಗೆ ಕಡೆದೆ. ಆಮೇಲೆ ತುಂಬು ಬಸುರಿ ಸೊಸೆ ಗಂಗವ್ವನೊಡನೆ ನೀರಿಗೆ ಹೊರಟೆ. ನಮ್ಮ ಬಾವಿ ಇರುವುದು ಬಳ್ಳಾರಿ ದಂಡಿನ ಗೋಲ್ಫ್ ಮೈದಾನದ ಆಚೆ. ಆಟವನ್ನೇ ಕಸುಬು ಮಾಡಿಕೊಂಡ ಬಿಳಿ ದೊರೆಗಳು ಮದರಾಸಿನಿಂದ ರೈಲಿನಲ್ಲಿ ಬಂದು ವರ್ಷವರ್ಷವೂ ಬಹುಮಾನಕ್ಕೆ ಆಡುತ್ತಿದ್ದರು. ಅದಕ್ಕಾಗಿ ಮೈದಾನದ ನಡುವಿನ ನಮ್ಮ ಕಾಲುದಾರಿ ಮುಚ್ಚಿದ್ದರು. ಪಲ್ಟನ್ನು ಬೇರೆ ಊರಿಗೆ ಹೋಗಿ, ಪಂದ್ಯ ನಿಂತು ಎರಡು ವರ್ಷವಾದರೂ ನಾವೆಲ್ಲ ಮೈದಾನ ಸುತ್ತಿಯೇ ನೀರು ತರುತ್ತಿದ್ದೆವು. ಅಂದು ಗಂಗವ್ವ ಸೊಂಟ ಹಿಡಿದು ದಾರಿಯಲ್ಲೇ ಕುಳಿತಳು. ಅವಳನ್ನು ಎಬ್ಬಿಸಿ, ಕೈಹಿಡಿದು ನೇರ ಮೈದಾನಕ್ಕೆ ಇಳಿದೆ.

ಕಾವಲುಗಾರ ಹುಸೇನಪ್ಪ ಕೋಲು ಹಿಡಿದು ಓಡಿಬಂದ. “ಸುತ್ತಿ ಹೋಗ್ರಿ ಯವ್ವಾ! ಚೆಂಡು ತಲಿಗೆ ಬಡದ್ರ ಏನ್ಮಾಡ್ತೀರಿ?”

“ಹೊಡಿಯೋರೇ ಇಲ್ಲ, ಚೆಂಡು ಮುಗಿಲಿಂದ ಬೀಳತೈತೇನೋ ತಮ್ಮಾ? ಆಟ ನಿಂತೈತಿ. ಯಾರಿಗಂತ ಕಾಯ್ತೀ?”

ಅವನು ಚೆಂಡು ಬೀಳಿಸುವ ಕುಳಿಯಲ್ಲಿ ನೆಟ್ಟಿದ್ದ ಮಾಸಿದ ಬಾವುಟದ ಕಡೆ ನೋಡಿದ. “ಕಾಯೋದು ಬಿಡು ಅಂತ ನನಗ ಯಾರೂ ಹೇಳಿಲ್ರಿ.”

“ನಾ ಹೇಳಾಕತ್ತೀನಿ. ಬಿಡು.”

ಅವನು ಕೋಲು ಕೆಳಗೆ ಹಾಕಿದ. ಆಮೇಲೆ ಬಾವುಟ ಕಿತ್ತು ಹೆಗಲಿಗಿಟ್ಟುಕೊಂಡು, ಕಾಲಿನಿಂದ ಕುಳಿಗೆ ಮಣ್ಣು ದೂಡಿದ. ಗಂಗವ್ವನ ಕೊಡವನ್ನು ಅವನೇ ಎತ್ತಿಕೊಂಡ.

ಈಗ ಓಣಿಯ ಹೆಂಗಸರೆಲ್ಲ ನೇರವೇ ಹೋಗುತ್ತಾರೆ. ಅಂದು ರಾತ್ರಿ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ ಉಂಡೆವು. ಸುತ್ತಿ ನಡೆದ ಕಾಲುನೋವಿಗೆ ದಿನವೂ ಎಲ್ಲರಿಗಿಂತ ಕೊನೆಗೆ ನಿದ್ದೆ ಹೋಗುತ್ತಿದ್ದ ಗಂಗವ್ವ, ಅಂದು ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.